ಗೋಧಿಯ ಸಿವುಡುಗಳು ಹೊತ್ತ ಮನೆ

ಊರಿನಿಂದ ಪ್ರಾಗ್ ನೋಡಲು ಬರುವ ನೆಂಟರಿಗೆ ಕೋಟೆಯನ್ನು ತೋರಿಸಿಯಾದ ಮೇಲೆ, ಅವರ ಕಾಲು ಎಷ್ಟೇ ಸೋತಿರಲಿ, ಇನ್ನೂ ಸ್ವಲ್ಪ ದೂರ ನಡೆಸಿಕೊಂಡು ಹೋಗಿ ಹ್ರಾದ್ಚಾನಿ ಎಂಬ ಬಡಾವಣೆಯ ಅಂಚಿನಲ್ಲಿರುವ ಒಂದು ಇಟ್ಟಿಗೆಯ ಮನೆಯ ಮುಂದೆ ನಾನು ಅವರನ್ನು ನಿಲ್ಲಿಸುತ್ತೇನೆ. ಹೊರಗೋಡೆಗೆ ಗಾರೆಯಿಲ್ಲ, ಮೇಲೆ ಮಟ್ಟಸವಾದ ತಾರಸಿ. ಕುಡುಗೋಲನ್ನು ಒಮ್ಮೆ ಬೀಸಿದರೆ ಗಾಳಿಯಲ್ಲಿ ಮೂಡುವ ಬಾಗಿನಂತೆ ಮನೆಯೇ ಬಾಗಿ ನಿಂತಿದೆ, ಮುಂದಿನ ಕಂಬಗಳು ಗೋಧಿಯ ಸಿವುಡುಗಳಂತೆ ಮೇಲೆದ್ದಿವೆ. ಕೊಯ್ಲನ್ನು ಕಂಡು ಬೆಳೆದವರಿಗೆ ಈ ಮನೆಯನ್ನು ವಿವರಿಸಬೇಕಾಗಿಲ್ಲ. ಇದನ್ನು 1910–11ರಲ್ಲಿ ತನಗಾಗಿ ತಾನೇ ರೂಪಿಸಿ ಕಟ್ಟಿಸಿಕೊಂಡವನು ಶಿಲ್ಪಿ ಫ್ರಾಂತಿಶೆಕ್ ಬೀಲೆಕ್.

ಬೀಲೆಕ್ ಹುಟ್ಟಿದ್ದು 1872ರಲ್ಲಿ, ದಕ್ಷಿಣ ಬೊಹೀಮಿಯಾದ ಖೀನೋವ್ ಎಂಬ ಸಣ್ಣ ಊರಿನಲ್ಲಿ. ತಂದೆ ಗಾಡಿಯ ಚಕ್ರ ಮಾಡುವ ಬಡಗಿ. ಹುಡುಗನಿಗೆ ಬೇಕಾಗಿದ್ದುದು ಚಿತ್ರಕಲೆ. ಪ್ರಾಗಿನ ಕಲಾ ಅಕಾಡೆಮಿಯಲ್ಲಿ ಮಾಕ್ಸಿಮಿಲಿಯಾನ್ ಪಿರ್ನರ್ ಅವರ ಬಳಿ ಕಲಿಯುತ್ತಿದ್ದಾಗ ಅವನ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುವುದಿಲ್ಲವೆಂಬುದು ಗೊತ್ತಾಯಿತು. ವರ್ಣಚಿತ್ರವನ್ನು ಬಿಟ್ಟು ಅವನು ಶಿಲ್ಪದ ಕಡೆಗೆ ತಿರುಗಿದನು. ರೇಖೆಯನ್ನು ಮಾತ್ರ ಬಿಡಲಿಲ್ಲ. ರೇಖಾಚಿತ್ರ ಮತ್ತು ಮುದ್ರಣಚಿತ್ರಗಳನ್ನು ಕೊನೆಯವರೆಗೂ ರಚಿಸಿದನು.

1891ರಲ್ಲಿ ವಿದ್ಯಾರ್ಥಿವೇತನದ ಬಲದಿಂದ ಪ್ಯಾರಿಸಿಗೆ ಹೋದ ಬೀಲೆಕ್, ಮರುವರ್ಷ ‘ಗೊಲ್ಗೊಥಾ’ (ಕ್ರಿಸ್ತನನ್ನು ಶಿಲುಬೆಗೇರಿಸಿದ ಸ್ಥಳದ ಹೆಸರು) ಮತ್ತು ‘ಉಳುಮೆ ನಮ್ಮ ಪಾಪಕ್ಕೆ ಶಿಕ್ಷೆ’ ಎಂಬ ಎರಡು ಶಿಲ್ಪಗಳನ್ನು ಮಾಡಿದನು. ಅವನ್ನು ಪರಿಶೀಲಿಸಿದ ಪ್ರಾಗಿನ ತೀರ್ಪುಗಾರರು ತಿರಸ್ಕರಿಸಿದರು, ವೇತನವೂ ನಿಂತುಹೋಯಿತು. ಇಪ್ಪತ್ತು ವರ್ಷದ ಯುವಕನೊಬ್ಬ ತನ್ನ ಅತ್ಯಂತ ಪ್ರಾಮಾಣಿಕ ಕೆಲಸಕ್ಕೇ ಇಂಥ ಉತ್ತರ ಪಡೆದು ಊರಿಗೆ ಮರಳಿದ್ದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೆ ಅವನ ಶಿಲ್ಪ ಪಳಗಿದ್ದು ಆ ಸಣ್ಣ ಊರಿನಲ್ಲಿಯೇ. 1899ರಲ್ಲಿ ಮರದಲ್ಲಿ ಕೆತ್ತಿದ ಅವನ ಶಿಲುಬೆಯ ಕ್ರಿಸ್ತ ಇಂದು ಕೋಟೆಯೊಳಗಿನ ಸಂತ ವೀಟ್ ಪ್ರಧಾನ ದೇವಾಲಯದಲ್ಲಿದ್ದಾನೆ. ನೆಂಟರು ಅದರ ಮುಂದೆಯೇ ಹಾದು ಬಂದಿರುತ್ತಾರೆ, ಕೆತ್ತಿದವನಾರೆಂದು ಇಲ್ಲಿಗೆ ಬಂದ ಮೇಲೆ ಹೇಳುತ್ತೇನೆ.

ಕೋಲೀನ್ ಪಟ್ಟಣದಲ್ಲಿ 1914ರಲ್ಲಿ ನಿಂತ, ಬೀಲೆಕ್ ರೂಪಿಸಿದ, ಧರ್ಮಸುಧಾರಕ ಯಾನ್ ಹುಸ್‌ನ ಸ್ಮಾರಕ ಲೇಖಕ ಫ್ರಾಂಟ್ಸ್ ಕಾಫ್ಕಾನ ಮನಸ್ಸನ್ನು ಸೆಳೆದಿತ್ತು. ಬೀಲೆಕ್‌ನಿಗೆ ಸಲ್ಲಬೇಕಾದ ಮನ್ನಣೆಗಾಗಿ ಬರೆಯಬೇಕೆಂದು ಕಾಫ್ಕಾ 1922ರಲ್ಲಿ ಗೆಳೆಯ ಮಾಕ್ಸ್ ಬ್ರಾಡ್‌ನಿಗೆ ಪತ್ರದಲ್ಲಿ ಒತ್ತಾಯಿಸಿದನು. ಪ್ರಾಗಿನ ಹಳೆಯ ಯೆಹೂದಿ ಪ್ರಾರ್ಥನಾಮಂದಿರದ ಪಕ್ಕದಲ್ಲಿರುವ ಮಂಡಿಯೂರಿದ ಮೋಶೆಯ ಕಂಚಿನ ಮೂರ್ತಿಯೂ ಬೀಲೆಕ್‌ನದೇ. ನಾಜಿಗಳ ಆಕ್ರಮಣದ ಕಾಲದಲ್ಲಿ ಅದನ್ನು ಕಿತ್ತು ಕರಗಿಸಲಾಯಿತು; ಉಳಿದಿದ್ದ ಅಚ್ಚಿನಿಂದ ಮತ್ತೆ ಎರಕ ಹೊಯ್ದು ಯುದ್ಧ ಮುಗಿದ ಮೇಲೆ ಅಲ್ಲಿಯೇ ನಿಲ್ಲಿಸಿದರು. ಬೀಲೆಕ್ ಅದನ್ನು ಕಾಣಲಿಲ್ಲ. ಅವನು 1941ರಲ್ಲಿ, ದೇಶ ಇನ್ನೂ ಪರರ ವಶದಲ್ಲಿದ್ದಾಗಲೇ, ಖೀನೋವ್‌ನಲ್ಲಿ ತೀರಿಕೊಂಡನು. ಪ್ರಾಗಿನ ಮನೆಯನ್ನು ಅವನ ಹೆಂಡತಿ ಬೆರ್ತಾ 1963ರಲ್ಲಿ ನಗರಕ್ಕೆ ಕೊಟ್ಟರು. ಅವನೇ ರೂಪಿಸಿದ ಪೀಠೋಪಕರಣಗಳನ್ನು ಅಲ್ಲಿ ಈಗಲೂ ನೋಡಬಹುದು.

ನಾನು ಹೆಚ್ಚು ಹೊತ್ತು ನಿಲ್ಲುವುದು ಮನೆಯ ಹೊರಗಿರುವ 1926ರ ಗುಂಪುಶಿಲ್ಪದ ಮುಂದೆ. ಶಿಕ್ಷಣತಜ್ಞ ಯಾನ್ ಆಮೋಸ್ ಕೊಮೆನ್ಸ್ಕಿ ತಾಯ್ನಾಡಿಗೆ ವಿದಾಯ ಹೇಳುತ್ತಿರುವ ದೃಶ್ಯವದು. ತನ್ನ ಧರ್ಮದವರಿಗೆ ಈ ನೆಲದಲ್ಲಿ ಜಾಗವಿಲ್ಲದಂತಾದಾಗ, 1628ರಲ್ಲಿ ಗಡಿ ದಾಟಿದ ಕೊಮೆನ್ಸ್ಕಿ ಮತ್ತೆಂದೂ ಇಲ್ಲಿ ನೆಲೆಸಲಾಗದೆ 1670ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕಣ್ಣು ಮುಚ್ಚಿದನು. ನಾನಾದರೋ ಕೆಲಸಕ್ಕೆಂದು ಬಂದವಳು, ಬೇಕೆನಿಸಿದಾಗ ವಿಮಾನವೇರಿ ಊರಿಗೆ ಹೋಗಬಲ್ಲವಳು. ಆ ಸಂಕಟವನ್ನು ನನ್ನದೆನ್ನುವ ಹಕ್ಕು ನನಗಿಲ್ಲ. ಆದರೂ ಕಳೆದ ಚಳಿಗಾಲದಲ್ಲಿ ನನ್ನೊಡನೆ ಬಂದಿದ್ದ ಅಮ್ಮ, ಕಥೆಯನ್ನು ಕೇಳಿದ ಮೇಲೆ, ಕೈಗವಸು ತೆಗೆದು ಆ ತಣ್ಣನೆಯ ಕಂಚನ್ನು ಒಮ್ಮೆ ಸವರಿದರು.