ಎರಡೂ ಕಡೆಯಿಂದ ನೋಡುವ ಕಸೂತಿ ಪರದೆ

ಧಾರವಾಡದ ಆ ಮನೆಯಲ್ಲಿ ಪಡಸಾಲೆಗೂ ದೇವರ ಕೋಣೆಗೂ ನಡುವೆ ಬಾಗಿಲಿಲ್ಲ. ಅಲ್ಲಿಗೆ ಕಸೂತಿ ಪರದೆ ಬೇಕೆಂದರು. ನಡುವೆ ತೇರು, ಅದರ ಎರಡೂ ಬದಿಗೆ ಆನೆ, ಕೆಳಗೆ ತುಳಸಿಕಟ್ಟೆಗಳ ಸಾಲು. ಗೋಡೆಗೆ ಹಾಕುವ ಚೌಕಟ್ಟಾದರೆ ಬಟ್ಟೆಯ ಹಿಂಬದಿಯನ್ನು ಯಾರೂ ನೋಡುವುದಿಲ್ಲ. ಇಲ್ಲಿ ಪೂಜೆಗೆ ಕೂತವರಿಗೆ ಕಾಣುವುದೇ ಹಿಂಬದಿ.

ಹಾಗಾಗಿ ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಎರಡನ್ನು ಮೊದಲೇ ಕೈಬಿಡಬೇಕಾಯಿತು. ಮೆಂತಿ ಹೊಲಿಗೆ ಮುಂದೆ ಕತ್ತರಿಯಾಕಾರದಲ್ಲಿ ಬಂದರೂ ಹಿಂದೆ ಹಾಗೆ ಬರುವುದಿಲ್ಲ. ನೇಯ್ಗೆ ಹೊಲಿಗೆಯಲ್ಲಿ ಮುಂದೆ ದಾರವಿದ್ದ ಜಾಗ ಹಿಂದೆ ಖಾಲಿ, ಖಾಲಿಯಿದ್ದಲ್ಲಿ ದಾರ. ಎರಡೂ ಕಡೆ ಒಂದೇ ರೀತಿ ಕಾಣುವುದು ಗೆರೆಯಂತೆ ಸಾಗುವ ಗವಂತಿ ಮತ್ತು ಮೆಟ್ಟಿಲಿನಂತೆ ಸಾಗುವ ಮುರ್ಗಿ ಮಾತ್ರ. ‘ಆನಿ ಮೈ ತುಂಬಿಸಿ ಕೊಡ್ರಿ ಅಕ್ಕಾರ, ಬರೇ ಗೆರಿ ಬ್ಯಾಡ’ ಎಂದು ಮನೆಯವರು ಪಟ್ಟು ಹಿಡಿದಾಗ ಮೈಯೊಳಗೆ ಮುರ್ಗಿಯ ಮೆಟ್ಟಿಲುಗಳನ್ನು ಒತ್ತೊತ್ತಾಗಿ ಹಾಕುವುದೆಂದು ಒಪ್ಪಂದವಾಯಿತು.

ಬಟ್ಟೆ ಆರಿಸುವಾಗ ಬಣ್ಣಕ್ಕಿಂತ ಮೊದಲು ಎಳೆ ಎಣಿಸಬೇಕು. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಎಳೆಯ ಲೆಕ್ಕವೇ ಆಧಾರ. ಕೈಮಗ್ಗದ ಬಟ್ಟೆಯಲ್ಲಿ ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಎರಡೂ ಸಮ ಇರುತ್ತವೆಂದು ನಂಬಬಾರದು. ಹಾಸು ಸೆಂಟಿಮೀಟರಿಗೆ 12, ಹೊಕ್ಕು 10 ಇದೆಯೆನ್ನಿ. ಎರಡೆರಡು ಎಳೆಗೆ ಒಂದು ಹೊಲಿಗೆಯಂತೆ 60 ಹೊಲಿಗೆ ಉದ್ದ, 60 ಅಗಲದ ಚಿತ್ರ ಹಾಕಿದರೆ ಅಗಲ 10 ಸೆಂ.ಮೀ., ಎತ್ತರ 12 ಸೆಂ.ಮೀ. ಆಗುತ್ತದೆ. ತೇರಿಗೆ ಅದು ನಡೆದೀತು, ಆನೆ ಮಾತ್ರ ಒಂಟೆಯಾಗುತ್ತದೆ! ಬಟ್ಟೆಯನ್ನು ಮೊದಲು ನೀರಿಗೆ ಹಾಕಿ, ಒಣಗಿಸಿ, ಕುಗ್ಗಿದ ಮೇಲೆಯೇ ಎಣಿಸಬೇಕು. ತೇರಿನ ಅಗಲ ಬೆಸಸಂಖ್ಯೆಯಲ್ಲಿರಲಿ, ಉದಾಹರಣೆಗೆ 121 ಹೊಲಿಗೆ. ಆಗ ಕಳಸಕ್ಕೆ ಸರಿಯಾದ ನಡು ಸಿಗುತ್ತದೆ.

ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಆ ಖಾಲಿ ಜಾಗಗಳು ತುಂಬುತ್ತವೆ. ದಾರಿಯಲ್ಲಿ ಕವಲು ಬಂದರೆ ಅದರ ತುದಿಗೆ ಹೋಗಿ, ತುಂಬಿಸಿಕೊಂಡು ಬಂದು, ಆಮೇಲೆ ಮುಂದಕ್ಕೆ ಸಾಗಬೇಕು. ಒಂದು ಕವಲು ಮರೆತರೆ ಅದನ್ನು ಮುಟ್ಟಲು ದಾರ ಹಾರಬೇಕಾಗುತ್ತದೆ. ತೆಳು ಬಟ್ಟೆಯಲ್ಲಿ, ದೇವರ ಮುಂದೆ ದೀಪ ಹಚ್ಚಿದ ಹೊತ್ತಿಗೆ, ಆ ಹಾರಿದ ದಾರ ಪಡಸಾಲೆಯಲ್ಲಿ ಕೂತವರಿಗೂ ಕಾಣುತ್ತದೆ. ಅದಕ್ಕೇ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ದಾರಿ ನಡೆದು ನೋಡಿದ ಮೇಲೆಯೇ ಸೂಜಿ ಹಿಡಿಯುವುದು. ಸೂಜಿ ಮೊಂಡು ತುದಿಯದ್ದಿರಲಿ, 24 ಅಥವಾ 26ನೇ ನಂಬರು. ಚೂಪು ಸೂಜಿ ಮೊದಲ ಸುತ್ತಿನ ದಾರವನ್ನೇ ಸೀಳುತ್ತದೆ, ಗೆರೆ ಒರಟಾಗುತ್ತದೆ.

ಆರು ಎಳೆಯ ಹತ್ತಿದಾರದಲ್ಲಿ ಎರಡೆಳೆ ಸಾಕು. ತುಂಡು 45 ಸೆಂ.ಮೀ. ಮೀರಿದರೆ ಬಟ್ಟೆಗೆ ಉಜ್ಜಿ ಉಜ್ಜಿ ನಾರೇಳುತ್ತದೆ. ಕಸೂತಿಯಲ್ಲಿ ಗಂಟಿಲ್ಲ, ಪರದೆಯಲ್ಲಂತೂ ಗಂಟನ್ನು ಮುಚ್ಚಿಡಲು ಜಾಗವೇ ಇಲ್ಲ. ಬಾಲವನ್ನು ಅದೇ ಬಣ್ಣದ ಗೆರೆಯ ಕೆಳಗೆ ನಾಲ್ಕೈದು ಹೊಲಿಗೆ ನುಸುಳಿಸಿ ಕತ್ತರಿಸಬೇಕು. ಬಿಚ್ಚುವ ಪ್ರಸಂಗ ಬಂದರೆ ಕೆಂಪು ದಾರ ಬಿಳಿ ಬಟ್ಟೆಯಲ್ಲಿ ಗುಲಾಬಿ ನಾರು ಬಿಟ್ಟು ಹೋಗುತ್ತದೆ. ಸೆಲ್ಲೋಟೇಪಿನಿಂದ ಸ್ವಲ್ಪ ಬರುತ್ತದೆ, ಪೂರ್ತಿ ಬರುವುದಿಲ್ಲ. ಪ್ರತಿ ಬಣ್ಣದ ಒಂದು ತುಂಡನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ರಾತ್ರಿಯಿಡೀ ಇಟ್ಟು ನೋಡಿಯೇ ಶುರು ಮಾಡುವುದು ಒಳ್ಳೆಯದು. ನೇರಳೆಯನ್ನು ಆ ಮನೆಯ ಸಂಜೆಯ ದೀಪದಲ್ಲೇ ಆರಿಸಿ, ಹಳದಿ ಬೆಳಕಿನಲ್ಲಿ ಅದು ಕಂದು ಬಣ್ಣವಾಗಿ ಕಾಣುತ್ತದೆ.

ಅಂಚನ್ನು ಮೆಷಿನ್ನಿಗೆ ಕೊಡಬೇಡಿ. ಮಡಚಿದ ಅಂಚಿನ ಒಳಬದಿ ಎದ್ದು ಕಾಣುತ್ತದೆ. ಕೆಲವು ಎಳೆ ಕಿತ್ತು, ಉಳಿದವನ್ನು ಗೊಂಚಲಾಗಿ ಕಟ್ಟಿ ಕೈಯಲ್ಲೇ ಮಡಚಿ ಹೊಲಿದರೆ ಎರಡೂ ಕಡೆ ಅಚ್ಚುಕಟ್ಟು.

ಬೆಲೆ ಹೇಳುವ ಮೊದಲು 10 ಸೆಂ.ಮೀ. ಚೌಕದ ಮಾದರಿಯೊಂದನ್ನು ಹಾಕಿ, ಗಡಿಯಾರ ನೋಡಿ, ಒಟ್ಟು ಹೊಲಿಗೆಗೆ ಗುಣಿಸಿ. ಕಣ್ಣಳತೆಯಲ್ಲಿ ಹೇಳಿದ ಬೆಲೆ ಬಹುತೇಕ ಕಡಿಮೆಯೇ ಆಗಿರುತ್ತದೆ. ಗ್ರಾಫಿನ ಮೇಲೆ ಮನೆಯವರ ಸಹಿ ಹಾಕಿಸಿ, ಅರ್ಧ ಮುಂಗಡ ತೆಗೆದುಕೊಳ್ಳಿ. ತೇರು ಮುಗಿದ ಮೇಲೆ ‘ಇನ್ನೊಂದು ಜೋಡಿ ಆನಿ’ ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಬೇರೆ ಲೆಕ್ಕ.