ಮೈಕ್ರೋಬಯಾಲಜಿ ಕೆಲಸ ಅಂದ್ರೆ

ಮುಂಬೈಯ ಮಾಟುಂಗಾದಲ್ಲಿ ಪಕ್ಕದ ಮನೆಯ ರಾಯರ ಮಗಳು ಕೇಳಿದಳು, "ಅಕ್ಕಾ, ಮೈಕ್ರೋಬಯಾಲಜಿ ತಗೊಂಡ್ರೆ ಏನು ಕೆಲಸ?"

ಮೈಕ್ರೋಬಯಾಲಜಿ ಅಂದ್ರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಅಧ್ಯಯನ. ಔಷಧ ಕಂಪನಿ, ಡೇರಿ, ನೀರಿನ ಪರೀಕ್ಷೆ, ಎಲ್ಲ ಕಡೆ ಕೆಲಸ ಇದೆ. ನನ್ನದು ಆಸ್ಪತ್ರೆ ಲ್ಯಾಬ್. ರೋಗಿಯ ರಕ್ತ, ಕಫ, ಮೂತ್ರ ಕಲ್ಚರ್‌ಗೆ ಹಾಕುತ್ತೇವೆ, ಅಂದ್ರೆ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸುತ್ತೇವೆ. ಬ್ಯಾಕ್ಟೀರಿಯಾ ಬೆಳೆದ ಮೇಲೆ ಅದರ ಮೇಲೆ ಆಂಟಿಬಯೋಟಿಕ್ ಡಿಸ್ಕ್ (ಔಷಧ ಹೀರಿದ ಸಣ್ಣ ಕಾಗದದ ಬಿಲ್ಲೆ) ಇಟ್ಟು ಮತ್ತೆ 16ರಿಂದ 18 ಗಂಟೆ ಕಾಯಬೇಕು. ಅವಸರ ಮಾಡಿದರೆ ನಡೆಯಲ್ಲ. ಡಿಸ್ಕ್ ಸುತ್ತ ಏನೂ ಬೆಳೆಯದ ಜಾಗವನ್ನು ಮಿಲಿಮೀಟರ್‌ನಲ್ಲಿ ಅಳೆದು, ಯಾವ ಔಷಧ ಕೆಲಸ ಮಾಡುತ್ತದೆ ಅಂತ ಬರೆಯುತ್ತೇವೆ. ಸಾಲಾಗಿ 'ರೆಸಿಸ್ಟೆಂಟ್', ಅಂದ್ರೆ ಈ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗಲ್ಲ, ಅಂತ ಬರೆಯಬೇಕಾದ ದಿನ ಹೊಟ್ಟೆಯಲ್ಲಿ ಸಂಕಟ. ಆ ರೋಗಿಯ ಮುಖ ಕೂಡ ನೋಡಿರಲ್ಲ, ಆದರೂ. ಸುಮ್ನೆ ನೆಗಡಿಗೆಲ್ಲ ಆಂಟಿಬಯೋಟಿಕ್ ನುಂಗುವವರನ್ನು ಕಂಡರೆ ನಿಜಕ್ಕೂ ಸಿಟ್ಟು ಬರುತ್ತದೆ; ಬ್ಯಾಕ್ಟೀರಿಯಾ ಹೀಗೆ ರೆಸಿಸ್ಟೆಂಟ್ ಆಗುವುದಕ್ಕೆ ಅದೂ ಒಂದು ಕಾರಣ.

1897ರಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ಹಾಫ್‌ಕಿನ್ ತಾವು ಮಾಡಿದ ಪ್ಲೇಗ್ ಲಸಿಕೆಯನ್ನು ಮೊದಲು ತಮ್ಮ ಮೈಗೇ ಹಾಕಿಸಿಕೊಂಡಿದ್ದು ಇದೇ ಮುಂಬೈಯಲ್ಲಿ. ಪರೇಲ್‌ನಲ್ಲಿ ಅವರ ಹೆಸರಿನ ಸಂಸ್ಥೆ ಈಗಲೂ ಇದೆ. ಈ ಕೆಲಸಕ್ಕೆ ಬರುವ ಮಕ್ಕಳಿಗೆ ಈ ಕಥೆ ಮೊದಲೇ ಗೊತ್ತಿರಬೇಕು, ಅಲ್ವಾ?