ದುರ್ಗದಿಂದ ದಾವಣಗೆರೆಗೆ, ಕಾರಿನ ಟಾಪ್ ಬಿಚ್ಚಿಕೊಂಡು

ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿ ಹಿಡಿದರೆ ಒಂದು ಗಂಟೆ ಸಾಕು. ನಾವು ಹೊಳಲ್ಕೆರೆ, ಚನ್ನಗಿರಿ, ಸಂತೆಬೆನ್ನೂರು ಅಂತ ಸುತ್ತು ಹಾಕಿಕೊಂಡು ಹೋದೆವು. ಗೆಳೆಯನ ಹತ್ತಿರ ಇರುವ ಸ್ಯಾನ್ ಸ್ಟಾರ್ಮ್ ಇದಕ್ಕೆಲ್ಲ ಕಾರಣ. ಈಗಿನ ಹುಡುಗರಿಗೆ ಹೆಸರೇ ಗೊತ್ತಿರಲಿಕ್ಕಿಲ್ಲ. ನಮ್ಮ ದೇಶದಲ್ಲೇ ತಯಾರಾಗುತ್ತಿದ್ದ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಫೈಬರ್ ಬಾಡಿ, ರೆನೋದ 1149 ಸಿಸಿ ಎಂಜಿನ್, ಸುಮಾರು 60 ಅಶ್ವಶಕ್ತಿ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಇಲ್ಲ, ಸ್ಕ್ರೀನ್ ಇಲ್ಲ, ಟಿಂಗ್ ಟಿಂಗ್ ಅಂತ ಬುದ್ಧಿ ಹೇಳುವವರು ಯಾರೂ ಇಲ್ಲ.

ಬೆಂಗಳೂರಿಂದ ದುರ್ಗದವರೆಗೆ ಬಾವನ ಹೊಸ ಎಸ್‌ಯುವಿಯಲ್ಲಿ ಬಂದಿದ್ದೆ. ಗೆರೆ ದಾಟಿದರೆ ಸ್ಟೀರಿಂಗ್ ತಾನೇ ಎಳೆಯುತ್ತದೆ, ಮುಂದಿನ ಗಾಡಿ ಹತ್ತಿರವಾದರೆ ತಾನೇ ಬ್ರೇಕ್ ಹಾಕುತ್ತದೆ. ಸಿರಾ, ಹಿರಿಯೂರು ಯಾವಾಗ ದಾಟಿದವೋ ಗೊತ್ತಾಗಲಿಲ್ಲ. ಡ್ರೈವ್ ಮಾಡಿದ್ದು ನಾನೇ ಅಂತ ಹೇಳೋಕೂ ನಾಚಿಕೆ.

ಬೆಳಿಗ್ಗೆ ಬಿಸಿಲೇರುವ ಮುಂಚೆಯೇ ಹೊರಟೆವು. ಊರು ದಾಟುವಾಗ ಪಕ್ಕಕ್ಕೆ ಲಾರಿ ಬಂತು, ಅದರ ಚಕ್ರದ ನಟ್ಟು ನನ್ನ ಕಿವಿಯ ಮಟ್ಟಕ್ಕಿತ್ತು! ಹೊಗೆ, ಧೂಳು ನೇರ ಮುಖಕ್ಕೆ. ಆದರೆ ಹೊಳಲ್ಕೆರೆ ಕಡೆಯ ತಿರುವುಗಳು ಶುರುವಾದವು ನೋಡಿ, ಆಗ ಗೊತ್ತಾಯ್ತು ಇವನು ಯಾಕೆ ಈ ಗಾಡಿಯನ್ನು ಮಾರಲ್ಲ ಅಂತ.

ಇದರ ಸ್ಟೀರಿಂಗಿಗೆ ಎಲೆಕ್ಟ್ರಿಕ್ ಮೋಟರಿನ ನೆರವಿಲ್ಲ. ತಿರುವಿನಲ್ಲಿ ಟೈರು ರಸ್ತೆಯನ್ನು ಗಟ್ಟಿಯಾಗಿ ಹಿಡಿದಷ್ಟೂ ಸ್ಟೀರಿಂಗ್ ನೇರಕ್ಕೆ ಬರಲು ಜಗ್ಗುತ್ತದೆ, ಕೈಗೆ ಭಾರ ಸಿಗುತ್ತದೆ. ಮುಂದಿನ ಟೈರಿನ ಹಿಡಿತ ಇನ್ನೇನು ಮುಗಿಯಿತು ಅನ್ನುವಾಗ, ಪೂರ್ತಿ ಜಾರುವ ಮುಂಚೆಯೇ, ಆ ಭಾರ ಇಳಿಯತೊಡಗುತ್ತದೆ. ಈಗಿನ ಬಹಳಷ್ಟು ಗಾಡಿಗಳಲ್ಲಿ ಮೋಟರ್ ಈ ಸುದ್ದಿಯನ್ನೆಲ್ಲ ಸೋಸಿ, ಸಪ್ಪೆ ಮಾಡಿ ಕೊಡುತ್ತದೆ. ಇಲ್ಲಿ ಮರಳು ಎಲ್ಲಿದೆ, ತೇಪೆ ಹಾಕಿದ ಡಾಂಬರು ಎಲ್ಲಿದೆ, ಅಂಗೈಗೇ ತಿಳಿಯುತ್ತದೆ. ವೇಗ ಎಷ್ಟು ಅಂತೀರಾ? ಅರವತ್ತು ದಾಟಿದ್ದೇ ಕಮ್ಮಿ. ಆದರೂ ಪುರಸೊತ್ತಿಲ್ಲದಷ್ಟು ಕೆಲಸ.

1957ರಲ್ಲಿ ಬಂದ ಇಂಗ್ಲೆಂಡಿನ ಪುಟ್ಟ ಸ್ಪೋರ್ಟ್ಸ್ ಕಾರು ಲೋಟಸ್ ಸೆವೆನ್ ಗೊತ್ತಲ್ವಾ? ಬೇಡದ್ದೆಲ್ಲ ಕಿತ್ತುಹಾಕಿ ಹಗುರ ಮಾಡೋದೇ ಲೋಟಸ್ ಕಂಪನಿ ಕಟ್ಟಿದ ಕೋಲಿನ್ ಚಾಪ್‌ಮನ್‌ನ ದಾರಿ. 1973ರಿಂದ ಕೇಟರ್‌ಹ್ಯಾಮ್ ಕಂಪನಿಯವರು ಅದನ್ನು ಮಾಡುತ್ತಲೇ ಇದ್ದಾರೆ, ಜನ ಕೊಳ್ಳುತ್ತಲೂ ಇದ್ದಾರೆ. ಹಾಗಂತ ಎಬಿಎಸ್ ಬೇಡ ಅನ್ನೋ ಪೈಕಿ ನಾನಲ್ಲ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ ಮಾಡಿದ್ದು ಸರಿಯೇ. ಮಳೆಯಲ್ಲಿ ಎಲ್ಲರೂ ಪೆಡಲನ್ನು ಅಳೆದು ಒತ್ತೋಕಾಗಲ್ಲ. ನನ್ನ ತಕರಾರು ಇರೋದು ಸ್ಟೀರಿಂಗ್ ಎಳೆಯುವ ಯಂತ್ರದ ಮೇಲೆ.

ಚನ್ನಗಿರಿ ದಾಟಿದ ಮೇಲೆ ಒಂದೊಂದು ಕಡೆ ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡಿದ್ದರು, ಅಂಚಿಗೆ ಸಾಲಾಗಿ ಕಲ್ಲು. ಇಲ್ಲಿ ಗೆರೆ ಬಿಟ್ಟು ಆ ಕಡೆಗೆ ಹೋಗಲೇಬೇಕು. ಬಾವನ ಕಾರಾಗಿದ್ದರೆ ವಾಪಸ್ ಗೆರೆಯೊಳಗೆ, ಅಂದರೆ ಜೋಳದ ರಾಶಿಗೇ, ಎಳೆಯುತ್ತಿತ್ತೇನೋ.

ಸೂಳೆಕೆರೆ ಹತ್ತಿರ ಗಾಳಿ ತಂಪಾಯ್ತು. ಟಾಪ್ ಇಲ್ಲದ್ದಕ್ಕೆ ನೀರಿನ ವಾಸನೆ ಕೆರೆ ಕಾಣೋ ಮೊದಲೇ ಬಂತು. ಸಂತೆಬೆನ್ನೂರಿನ ಪುಷ್ಕರಣಿ ಹತ್ತಿರ ನಿಲ್ಲಿಸಿದಾಗ ಒಬ್ಬರು ಹಿರಿಯರು ಗಾಡಿಗೆ ಒಂದು ಸುತ್ತು ಬಂದರು.

'ಎಷ್ಟ್ ಕೊಡ್ತೈತ್ರಿ ಮೈಲೇಜು?'

ಗೆಳೆಯ ಏನೋ ಒಂದು ಅಂಕಿ ಹೇಳಿದ.

'ಅಲ್ರೀ, ಇದ್ರಾಗ ಚೀಲ ಎಲ್ಲಿ ಇಡ್ತೀರಿ?'

ಇಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ನೀರಿನ ನಡುವಿನ ಆ ವಸಂತ ಮಂಟಪವನ್ನು ಇನ್ನಷ್ಟು ಹೊತ್ತು ನೋಡಬೇಕಿತ್ತು, ಬಿಸಿಲು ಬಿಡಲಿಲ್ಲ.

ದಾವಣಗೆರೆಯಲ್ಲಿ ಬೆಣ್ಣೆ ದೋಸೆ, ಆಮೇಲೆ ಮಂಡಕ್ಕಿ, ಮಿರ್ಚಿ. ಸೊಂಟ ನೋಯುತ್ತಿತ್ತು, ತಲೆತುಂಬ ಧೂಳು.

ನೀವೂ ಇಂಥ ಗಾಡಿಯಲ್ಲಿ ಈ ದಾರಿ ಹಿಡಿಯೋದಾದರೆ ಜೋಳದ ಸುಗ್ಗಿ ಮುಗಿದ ಮೇಲೆ ಹೋಗಿ, ರಸ್ತೆ ಪೂರ್ತಿ ಸಿಗುತ್ತದೆ. ತಲೆಗೊಂದು ಟವೆಲ್ ಇರಲಿ. ಸಾಮಾನು ಮಾತ್ರ ಬಸ್ಸಿಗೆ ಹಾಕಿ ಕಳಿಸಿ.